ಬಾಡಿಗೆ ಸ್ಕೂಬಾ ಟ್ಯಾಂಕ್: ನೀರಿಗಿಳಿಯುವ ಮುಂಚೆ ಏನು ನೋಡಬೇಕು?

ದಸರಾ ರಜೆ ಹತ್ತಿರ ಬಂತೆಂದರೆ ಬೆಳಗಾವಿಯ ವಾಟ್ಸಾಪ್ ಗ್ರೂಪುಗಳಲ್ಲಿ ಸ್ಕೂಬಾ ಪ್ಯಾಕೇಜಿನ ಫೋಟೊಗಳು ಓಡಾಡಲು ಶುರುವಾಗುತ್ತವೆ. ಅಂಬೋಲಿ ಘಾಟ್ ಇಳಿದು ಸಾವಂತವಾಡಿ ದಾಟಿದರೆ ಮಾಲ್ವಣ, ತಾರ್ಕರ್ಲಿ. ಚೋರ್ಲಾ ಘಾಟ್ ಇಳಿದರೆ ಗೋವಾ. ಇನ್ನೂ ಸ್ವಲ್ಪ ದೂರ ಹೋಗೋಣ ಅನ್ನುವವರಿಗೆ ಮುರುಡೇಶ್ವರದ ಎದುರಿಗಿರುವ ನೇತ್ರಾಣಿ. ಸಮುದ್ರವೇ ಇಲ್ಲದ ನಮ್ಮ ಊರಿನವರಿಗೂ ನೀರೊಳಗಿನ ಫೋಟೊ ಈಗ ದೊಡ್ಡ ಸಂಗತಿಯಲ್ಲ.

ಮೊನ್ನೆ ಅಕ್ಕನ ಮಗ ಫೋನ್ ಮಾಡಿದ. "ಮಾಮಾ, ನಾವು ನಾಲ್ಕ ಮಂದಿ ಮಾಲ್ವಣಕ್ಕ ಹೊಂಟೀವಿ. ಬೆನ್ನಿಗೆ ಕಟ್ಟತಾರಲ್ಲ ಆಕ್ಸಿಜನ್ ಸಿಲಿಂಡರ್, ಅದು ಚೊಲೋ ಐತೋ ಇಲ್ಲೋ ಹೆಂಗ ಗೊತ್ತಾಗತೈತಿ?"

ಪ್ರಶ್ನೆ ಸರಿಯಾಗಿತ್ತು. ಒಂದು ಶಬ್ದ ಮಾತ್ರ ತಪ್ಪಿತ್ತು. ಅಲ್ಲಿಂದಲೇ ಶುರು ಮಾಡೋಣ.

ಅದು ಆಕ್ಸಿಜನ್ ಸಿಲಿಂಡರ್ ಅಲ್ಲ

2021ರ ಕೋವಿಡ್ ದಿನಗಳಲ್ಲಿ ಆಕ್ಸಿಜನ್ ಸಿಲಿಂಡರ್ ಅನ್ನುವ ಮಾತು ಮನೆಮನೆಗೂ ಬಂತು. ಅದಕ್ಕೇ ಇರಬೇಕು, ಮೂಗಿಗೆ ಬಾಯಿಗೆ ಗಾಳಿ ಕೊಡುವ ಯಾವ ಸಿಲಿಂಡರ್ ಕಂಡರೂ ನಾವು ಹಾಗೇ ಕರೆಯುತ್ತೇವೆ. ಸ್ಕೂಬಾ ಟ್ಯಾಂಕಿನಲ್ಲಿ ಇರುವುದು ಸುಮ್ನೆ ಗಾಳಿ. ನೀವು ಈಗ ಉಸಿರಾಡುತ್ತಿರುವಂಥದ್ದೇ: ಸುಮಾರು 78 ಭಾಗ ನೈಟ್ರೋಜನ್, 21 ಭಾಗ ಆಕ್ಸಿಜನ್. ಅದನ್ನು ಸೋಸಿ, ಒಣಗಿಸಿ, ಒತ್ತಿ ತುಂಬಿರುತ್ತಾರೆ, ಅಷ್ಟೇ.

ಶುದ್ಧ ಆಕ್ಸಿಜನ್ ಯಾಕೆ ತುಂಬುವುದಿಲ್ಲ? ಇದಕ್ಕೆ ಒತ್ತಡದ ಲೆಕ್ಕ ಗೊತ್ತಿರಬೇಕು. ದಡದಲ್ಲಿ ನಿಂತಾಗ ನಮ್ಮ ಮೇಲೆ ಇರುವ ಗಾಳಿಯ ಒತ್ತಡ ಹತ್ತಿರ ಹತ್ತಿರ 1 ಬಾರ್. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಇನ್ನೊಂದು ಬಾರ್ ಸೇರುತ್ತದೆ. 10 ಮೀಟರಿನಲ್ಲಿ 2, 20 ಮೀಟರಿನಲ್ಲಿ 3. ಆಳ ಹೆಚ್ಚಾದಂತೆ ಪ್ರತಿ ಉಸಿರಿನಲ್ಲೂ ಅಷ್ಟು ಪಟ್ಟು ಜಾಸ್ತಿ ಗಾಳಿ ಎದೆಯೊಳಗೆ ಹೋಗುತ್ತದೆ. ಶುದ್ಧ ಆಕ್ಸಿಜನ್ ಆಗಿದ್ದರೆ 6 ಮೀಟರ್ ದಾಟುತ್ತಿದ್ದಂತೆ ಅದೇ ವಿಷವಾಗಿ ಮೆದುಳನ್ನು ಹಿಡಿಯುತ್ತದೆ. ಮೂರ್ಛೆರೋಗದ ಹಾಗೆ ಸೆಳೆತ ಬರಬಹುದು. ನೀರೊಳಗೆ ಸೆಳೆತ ಬಂದರೆ ಮುಂದಿನದು ಹೇಳಬೇಕಾಗಿಲ್ಲ.

"ಆಳ ಹೆಚ್ಚಾದಂತೆ ಪಟ್ಟು ಹೆಚ್ಚು" ಅನ್ನುವ ಈ ಲೆಕ್ಕ ನೆನಪಿರಲಿ. ಮುಂದೆ ಎರಡು ಸಲ ಬೇಕಾಗುತ್ತದೆ.

ಆಕ್ಸಿಜನ್ ಪ್ರಮಾಣ ಸ್ವಲ್ಪ ಹೆಚ್ಚಿಸಿದ ಗಾಳಿಯೂ ಉಂಟು, ಅದಕ್ಕೆ ನೈಟ್ರಾಕ್ಸ್ ಎನ್ನುತ್ತಾರೆ. ಅಂಥ ಟ್ಯಾಂಕಿಗೆ ಸಾಮಾನ್ಯವಾಗಿ ಹಸಿರು-ಹಳದಿ ಪಟ್ಟಿ ಅಂಟಿಸಿರುತ್ತಾರೆ. ಅದಕ್ಕೆ ಬೇರೆ ತರಬೇತಿ ಬೇಕು. ಮೊದಲ ಸಲ ಇಳಿಯುವವರ ಬೆನ್ನಿಗೆ ಆ ಪಟ್ಟಿಯ ಟ್ಯಾಂಕ್ ಬಂದರೆ ಯಾಕೆ ಅಂತ ಕೇಳಲೇಬೇಕು.

ಬೆನ್ನ ಮೇಲೆ ನಾಲ್ಕು ಸಕ್ಕರೆ ಚೀಲ

ಪ್ರವಾಸಿ ತಾಣಗಳಲ್ಲಿ ಜಾಸ್ತಿ ಕಾಣುವುದು ಅಲ್ಯೂಮಿನಿಯಂ ಟ್ಯಾಂಕ್. ಎಸ್80 ಎಂಬ ಅಳತೆಯದು ಎಲ್ಲ ಕಡೆ ಚಾಲ್ತಿಯಲ್ಲಿದೆ. ಅದಕ್ಕೆ ನೀರು ತುಂಬಿದರೆ 11 ಲೀಟರ್ ಹಿಡಿಯುತ್ತದೆ, ಒಂದು ಸಣ್ಣ ಬಕೆಟ್ಟಿನಷ್ಟು. ಅಷ್ಟೇ ಜಾಗಕ್ಕೆ ಸುಮಾರು 2,200 ಲೀಟರ್ ಗಾಳಿ ತುರುಕಿರುತ್ತಾರೆ. ಗಾಳಿಗೆ ತೂಕವೇ ಇಲ್ಲ ಅಂದುಕೊಂಡವರಿಗೆ ಒಂದು ಮಾತು: ತುಂಬಿದ ಟ್ಯಾಂಕಿನೊಳಗಿನ ಗಾಳಿಯೇ ಎರಡೂವರೆ ಕಿಲೋ ದಾಟುತ್ತದೆ. ಡೈವ್ ಕೊನೆಗೆ ಗಾಳಿ ಕಡಿಮೆಯಾದಾಗ ಅಲ್ಯೂಮಿನಿಯಂ ಟ್ಯಾಂಕ್ ತೇಲಲು ನೋಡುವುದು ಅದಕ್ಕೇ. ಸೊಂಟಕ್ಕೆ ಸೀಸದ ತೂಕ ಕಟ್ಟುವಾಗ ಆ ಲೆಕ್ಕವನ್ನೂ ಹಿಡಿದಿರುತ್ತಾರೆ.

ಒತ್ತಡ ಎಷ್ಟು? ಕಾರಿನ ಟೈರಿಗೆ ಬಂಕಿನಲ್ಲಿ 32 ಹೊಡಿ ಅನ್ನುತ್ತೇವಲ್ಲ, ಅದು 32 ಪಿಎಸ್‌ಐ. ಸ್ಕೂಬಾ ಟ್ಯಾಂಕಿಗೆ 3,000 ಪಿಎಸ್‌ಐ, ಅಂದರೆ 200 ಬಾರಿಗಿಂತ ತುಸು ಮೇಲೆ. ಟೈರಿನ ತೊಂಬತ್ತು ಪಟ್ಟಿಗಿಂತ ಜಾಸ್ತಿ. ಇನ್ನೊಂದು ರೀತಿ ಹೇಳುವುದಾದರೆ, ಕಿರುಬೆರಳಿನ ಉಗುರಿನಷ್ಟು ಜಾಗದ ಮೇಲೆ ಎರಡು ಕ್ವಿಂಟಲ್ ಭಾರ. ನಮ್ಮ ಜಿಲ್ಲೆಯ ಯಾವುದೇ ಸಕ್ಕರೆ ಕಾರ್ಖಾನೆಯ ಗೋದಾಮಿನಿಂದ 50 ಕಿಲೋದ ನಾಲ್ಕು ಚೀಲ ತಂದು ಒಂದು ಉಗುರಿನ ಮೇಲೆ ಇಟ್ಟ ಹಾಗೆ. ಟ್ಯಾಂಕಿನ ಒಳಗೋಡೆಯ ಒಂದೊಂದು ಚದರ ಸೆಂಟಿಮೀಟರೂ ಇಷ್ಟನ್ನು ಹೊರುತ್ತಿರುತ್ತದೆ. ಪ್ರತಿ ಸಲ ತುಂಬಿದಾಗ ಲೋಹ ಸ್ವಲ್ಪ ಹಿಗ್ಗುತ್ತದೆ, ಖಾಲಿಯಾದಾಗ ಕುಗ್ಗುತ್ತದೆ.

ಇದನ್ನು ಓದಿ ಹೆದರಬೇಡಿ. ಟ್ಯಾಂಕ್ ಒಡೆಯುವುದು ತೀರ ಅಪರೂಪ. ಒಡೆದರೂ ಹೆಚ್ಚಾಗಿ ಗಾಳಿ ತುಂಬುವ ಹೊತ್ತಿನಲ್ಲಿ, ತುಂಬುವ ಜಾಗದಲ್ಲೇ. ಪ್ರವಾಸಿಗೆ ಎದುರಾಗುವ ತೊಂದರೆ ಬೇರೆ: ಗಾಳಿ ಕಡಿಮೆ ಇರುವುದು, ವಾಲ್ವ್ ಸರಿಯಾಗಿ ತೆರೆದಿಲ್ಲದಿರುವುದು, ಗಾಳಿಯೇ ಕೆಟ್ಟಿರುವುದು. ಈ ಮೂರರಲ್ಲಿ ಕೊನೆಯದು ಕಣ್ಣಿಗೆ ಕಾಣುವುದಿಲ್ಲ. ಕಾಣದ್ದನ್ನು ಅಂದಾಜು ಮಾಡಲು ಕಾಣುವುದನ್ನು ನೋಡಬೇಕು. ಟ್ಯಾಂಕಿನ ಮೇಲೆ ಪರೀಕ್ಷೆಯ ತಾರೀಕು ಕೆತ್ತಿರುತ್ತಾರೆ, ಅದನ್ನು ನೋಡಿ ಎಂದು ನಾನು ಹೇಳುವುದಕ್ಕೆ ಕಾರಣ ಇದೇ. ಐದು ವರ್ಷಕ್ಕೊಮ್ಮೆ ಬರುವ ಪರೀಕ್ಷೆಯನ್ನೇ ಮರೆತವರು ಗಾಳಿ ತುಂಬುವ ಕಂಪ್ರೆಸರಿನ ಫಿಲ್ಟರ್ ಹೊತ್ತಿಗೆ ಸರಿಯಾಗಿ ಬದಲಿಸಿರುತ್ತಾರೆ ಅಂತ ನಂಬುವುದು ಕಷ್ಟ.

ಹೆಗಲ ಮೇಲಿನ ಜಾತಕ

ಅಡುಗೆ ಗ್ಯಾಸ್ ಸಿಲಿಂಡರಿನ ಕೊರಳ ಪಟ್ಟಿಯ ಒಳಮೈಯಲ್ಲಿ ಬಿ-27 ಅಂತ ಬರೆದಿರುವುದನ್ನು ನೋಡಿರಬಹುದು. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಹಾಗೇ ಸಿ, ಡಿ. ಬಿ-27 ಅಂದರೆ 2027ರ ಜೂನ್ ಒಳಗೆ ಆ ಸಿಲಿಂಡರನ್ನು ಮತ್ತೆ ಪರೀಕ್ಷೆ ಮಾಡಬೇಕು.

ಸ್ಕೂಬಾ ಟ್ಯಾಂಕಿಗೂ ಇಂಥದ್ದೇ ಗುರುತು ಉಂಟು. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ, ಮೊದಲ ಸಲ ನಾನೂ ಅದರಲ್ಲಿ ಎಡವಿದ್ದೆ. ಗ್ಯಾಸ್ ಸಿಲಿಂಡರಿನ ಮೇಲೆ ಇರುವುದು ಮುಂದಿನ ಪರೀಕ್ಷೆಯ ಗಡುವು. ಸ್ಕೂಬಾ ಟ್ಯಾಂಕಿನ ಮೇಲೆ ಸಾಮಾನ್ಯವಾಗಿ ಕೆತ್ತುವುದು ಪರೀಕ್ಷೆ ಆದ ತಿಂಗಳು ಮತ್ತು ವರ್ಷ. 04 ಮತ್ತು 22 ಅಂತ ಇದ್ದರೆ 2022ರ ಏಪ್ರಿಲ್‌ನಲ್ಲಿ ಪರೀಕ್ಷೆ ಆಗಿದೆ ಎಂದರ್ಥ. ಅದಕ್ಕೆ ಐದು ಕೂಡಿಸಿ. 2027ರ ಏಪ್ರಿಲ್ ತನಕ ಸರಿ. ಎರಡು ಅಂಕಿಗಳ ನಡುವೆ ಪರೀಕ್ಷೆ ಮಾಡಿದವರ ಸಣ್ಣ ಮುದ್ರೆ ಇರುತ್ತದೆ.

ಎಲ್ಲಿ ನೋಡಬೇಕು? ವಾಲ್ವ್ ಕೆಳಗೆ ಟ್ಯಾಂಕ್ ದುಂಡಗೆ ಇಳಿಜಾರಾಗುವ ಜಾಗ. ಡೈವ್ ಮಾಡಿಸುವವರು ಅದಕ್ಕೆ ಹೆಗಲು ಅನ್ನುತ್ತಾರೆ. ಅಕ್ಷರಗಳು ಬಣ್ಣದಿಂದ ಬರೆದವಲ್ಲ, ಲೋಹಕ್ಕೇ ಗುದ್ದಿದವು. ಹಳದಿ ಬಣ್ಣ ಎರಡು ಮೂರು ಸಲ ಬಳಿದಿದ್ದರೆ ಕಾಣುವುದು ಕಷ್ಟ. ಬೆರಳಾಡಿಸಿ ನೋಡಿ, ಇಲ್ಲವೇ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಅಂಕಿಗಳು ನೆರಳಿನಲ್ಲಿ ಎದ್ದು ಬರುತ್ತವೆ.

ಅಲ್ಲಿ ಒಂದಿಷ್ಟು ಅಕ್ಷರಗಳು ಇರುತ್ತವೆ, ಎಲ್ಲವನ್ನೂ ಓದಬೇಕಾಗಿಲ್ಲ. ಅಮೆರಿಕದ ಪದ್ಧತಿಯ ಟ್ಯಾಂಕಾದರೆ ಡಿಒಟಿ ಅಂತ ಶುರುವಾಗುತ್ತದೆ. ಮುಂದೆ 3ಎಎಲ್ ಇದ್ದರೆ ಅಲ್ಯೂಮಿನಿಯಂ, 3ಎಎ ಇದ್ದರೆ ಉಕ್ಕು. ಅದರ ಪಕ್ಕದ 3000 ಎಂಬುದು ತುಂಬಬಹುದಾದ ಒತ್ತಡ, ಪಿಎಸ್‌ಐ ಲೆಕ್ಕದಲ್ಲಿ. ಬಾರ್ ಲೆಕ್ಕದ ಟ್ಯಾಂಕಿನಲ್ಲಿ ತುಂಬುವ ಒತ್ತಡ 200 ಅಂತಲೂ, ಪರೀಕ್ಷೆಯ ಒತ್ತಡ 300 ಅಂತಲೂ ಎರಡು ಸಂಖ್ಯೆ ಇರುತ್ತವೆ. ಸಣ್ಣ ಸಂಖ್ಯೆ ತುಂಬುವುದಕ್ಕೆ, ದೊಡ್ಡದು ಪರೀಕ್ಷೆಗೆ. ಇದರ ಜೊತೆ ಟ್ಯಾಂಕಿನ ಸೀರಿಯಲ್ ನಂಬರ್.

ನಮ್ಮ ದೇಶದಲ್ಲಿ ಇಂಥ ಸಿಲಿಂಡರುಗಳ ಮೇಲೆ ಕಣ್ಣಿಡುವುದು ನಾಗಪುರದಲ್ಲಿ ಮುಖ್ಯ ಕಚೇರಿ ಇರುವ ಪೆಸೊ ಎಂಬ ಕೇಂದ್ರ ಸಂಸ್ಥೆ. ಪೆಟ್ರೋಲ್ ಬಂಕು, ಪಟಾಕಿ ಕಾರ್ಖಾನೆಗಳ ಸುರಕ್ಷತೆಯೂ ಅದರದ್ದೇ ಹೊಣೆ. 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಪ್ರಕಾರ ಪರೀಕ್ಷೆಯ ಅವಧಿ ಮುಗಿದ ಸಿಲಿಂಡರಿಗೆ ಗ್ಯಾಸ್ ತುಂಬುವಂತಿಲ್ಲ. ಹಾಗಾಗಿ ತಾರೀಕು ಕೇಳುವುದು ನಿಮ್ಮ ಅತಿ ಅನುಮಾನ ಅಂತ ಯಾರಾದರೂ ಮುಖ ಸಿಂಡರಿಸಿದರೆ ಸಂಕೋಚಪಡಬೇಕಾಗಿಲ್ಲ.

ಉದ್ಯಮಬಾಗದವರಿಗೆ ಗೊತ್ತಿರುವ ಪರೀಕ್ಷೆ

ಐದು ವರ್ಷಕ್ಕೊಮ್ಮೆ ಮಾಡುವ ಆ ಪರೀಕ್ಷೆಗೆ ಹೈಡ್ರೋ ಟೆಸ್ಟ್ ಎನ್ನುತ್ತಾರೆ. ಉದ್ಯಮಬಾಗದ ಫೌಂಡ್ರಿ, ಹೈಡ್ರಾಲಿಕ್ ಶಾಪುಗಳಲ್ಲಿ ಕೆಲಸ ಮಾಡಿದವರಿಗೆ ಇದು ಹೊಸದಲ್ಲ. ಪಂಪಿನ ಬಾಡಿಯೋ ವಾಲ್ವೋ ಎರಕ ಹೊಯ್ದ ಮೇಲೆ ಒಳಗೆ ನೀರು ತುಂಬಿ ಒತ್ತಡ ಕೊಟ್ಟು ಎಲ್ಲಾದರೂ ಜಿನುಗುತ್ತದೆಯೇ ನೋಡುತ್ತಾರಲ್ಲ, ಮೂಲ ಅದೇ.

ಸ್ಕೂಬಾ ಟ್ಯಾಂಕಿನಲ್ಲಿ ಜಿನುಗುವುದರ ಜೊತೆಗೆ ಇನ್ನೊಂದನ್ನೂ ಅಳೆಯುತ್ತಾರೆ. ವಾಲ್ವ್ ಬಿಚ್ಚಿ, ಟ್ಯಾಂಕಿಗೆ ನೀರು ತುಂಬಿ, ಅದನ್ನು ನೀರಿರುವ ಇನ್ನೊಂದು ಗಟ್ಟಿ ಪಾತ್ರೆಯೊಳಗೆ ಇಳಿಸುತ್ತಾರೆ. ಒಳಗಿನ ಒತ್ತಡವನ್ನು ಮಾಮೂಲಿಗಿಂತ ಒಂದೂವರೆ ಪಟ್ಟಿಗೋ ಅದಕ್ಕೂ ತುಸು ಮೇಲಕ್ಕೋ ಏರಿಸುತ್ತಾರೆ. 3,000ದ ಟ್ಯಾಂಕಿಗೆ ಅಮೆರಿಕದ ಲೆಕ್ಕದಲ್ಲಿ 5,000. ಟ್ಯಾಂಕ್ ಹಿಗ್ಗುತ್ತದೆ, ಹಿಗ್ಗಿದಷ್ಟು ನೀರು ಹೊರಗಿನ ಪಾತ್ರೆಯಿಂದ ಅಳತೆಯ ಕೊಳವೆಗೆ ಏರುತ್ತದೆ. ಒತ್ತಡ ಬಿಟ್ಟಾಗ ಟ್ಯಾಂಕ್ ಮತ್ತೆ ಕುಗ್ಗಬೇಕು. ಹೊಸ ರಬ್ಬರ್ ಬ್ಯಾಂಡ್ ಎಳೆದು ಬಿಟ್ಟರೆ ಮೊದಲಿನಂತಾಗುತ್ತದೆ, ಹಳೆಯದು ಜೋಲಾಗಿಯೇ ಉಳಿಯುತ್ತದೆ, ಅಲ್ವಾ? ಇಲ್ಲೂ ಹಾಗೇ. ಹಿಗ್ಗಿದ್ದರಲ್ಲಿ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ವಾಪಸ್ ಬರದೆ ಉಳಿದರೆ ಆ ಟ್ಯಾಂಕಿನ ಕಥೆ ಮುಗಿಯಿತು.

ಗಾಳಿ ಬಿಟ್ಟು ನೀರಿನಲ್ಲೇ ಯಾಕೆ? ನೀರನ್ನು ಒತ್ತಿದರೆ ಅದು ಕುಗ್ಗುವುದಿಲ್ಲ ಅನ್ನುವಷ್ಟು ಕಡಿಮೆ ಕುಗ್ಗುತ್ತದೆ. ಹಾಗಾಗಿ ಪರೀಕ್ಷೆಯಲ್ಲಿ ಟ್ಯಾಂಕ್ ಸೀಳಿದರೂ ಸ್ವಲ್ಪ ನೀರು ಚಿಮ್ಮಿ ಒತ್ತಡ ಇಳಿದುಬಿಡುತ್ತದೆ. ಗಾಳಿ ಸ್ಪ್ರಿಂಗಿನ ಹಾಗೆ. ಒತ್ತಿದಷ್ಟೂ ಶಕ್ತಿ ಕೂಡಿಟ್ಟುಕೊಂಡಿರುತ್ತದೆ, ಬಿಟ್ಟರೆ ಗೋಡೆ ಕೆಡವುತ್ತದೆ.

ಒಳಗೆ ನೋಡುವವರು ಬೇರೆ, ಹೊರಗೆ ನೋಡುವವರು ನಾವು

ಒಂದು ಹೈಡ್ರೋ ಟೆಸ್ಟಿಗೂ ಮುಂದಿನದಕ್ಕೂ ನಡುವಿನ ವರ್ಷಗಳಲ್ಲಿ ವಾಲ್ವ್ ಬಿಚ್ಚಿ, ಸಣ್ಣ ದೀಪ ಇಳಿಬಿಟ್ಟು ಟ್ಯಾಂಕಿನ ಒಳಗನ್ನು ನೋಡುವ ಪದ್ಧತಿಯೂ ಇದೆ. ಅಮೆರಿಕದ ರೂಢಿಯಲ್ಲಿ ವರ್ಷಕ್ಕೊಮ್ಮೆ, ಬ್ರಿಟನ್ನಿನಲ್ಲಿ ಎರಡೂವರೆ ವರ್ಷಕ್ಕೊಮ್ಮೆ. ನೋಡಿದ ಮೇಲೆ ತಿಂಗಳು-ವರ್ಷ ತೂತು ಹೊಡೆದ ಸ್ಟಿಕ್ಕರ್ ಅಂಟಿಸುತ್ತಾರೆ. ಉಕ್ಕಾದರೆ ತುಕ್ಕು, ಅಲ್ಯೂಮಿನಿಯಂ ಆದರೆ ಬಿಳಿ ಪುಡಿ ಮತ್ತು ಗುಳಿ, ಎರಡರಲ್ಲೂ ಕೊರಳಿನ ತಿರುಪಿನಲ್ಲಿ ಬಿರುಕು ಹುಡುಕುತ್ತಾರೆ. 6351 ಎಂಬ ಅಲ್ಯೂಮಿನಿಯಂ ಮಿಶ್ರಲೋಹದಿಂದ ಮಾಡಿದ ಹಳೆಯ ಟ್ಯಾಂಕುಗಳಲ್ಲಿ ಕೊರಳ ಬಿರುಕು ದೊಡ್ಡ ತಲೆನೋವಾಗಿತ್ತು. ಆಮೇಲೆ ತಯಾರಕರು 6061 ಎಂಬ ಮಿಶ್ರಲೋಹಕ್ಕೆ ಬದಲಾದರು. ಹೆಗಲ ಮೇಲೆ ಕೆತ್ತಿದ ಮೊದಲ ತಾರೀಕು 1990ಕ್ಕಿಂತ ಹಿಂದಿನದ್ದಾದರೆ ಆ ಅಲ್ಯೂಮಿನಿಯಂ ಟ್ಯಾಂಕನ್ನು ನಾನಂತೂ ಬೆನ್ನಿಗೆ ಕಟ್ಟಿಕೊಳ್ಳುವುದಿಲ್ಲ.

ನಾವು ಒಳಗೆ ನೋಡಲಾಗದು. ಹೊರಗನ್ನು ನೋಡಬಹುದು. ಮೊದಲು ಟ್ಯಾಂಕ್ ಯಾವ ಲೋಹದ್ದು? ಫ್ರಿಜ್ಜಿನ ಮೇಲೆ ಅಂಟಿಸುವ ಆಯಸ್ಕಾಂತ ಒಂದಿದ್ದರೆ ಸಾಕು. ಅಂಟಿದರೆ ಉಕ್ಕು. ಆಯಸ್ಕಾಂತ ಇಲ್ಲದಿದ್ದರೆ ಬುಡ ನೋಡಿ: ಅಲ್ಯೂಮಿನಿಯಂ ಟ್ಯಾಂಕಿನ ಬುಡ ಚಪ್ಪಟೆ, ತನ್ನಷ್ಟಕ್ಕೆ ನಿಲ್ಲುತ್ತದೆ. ಉಕ್ಕಿನದ್ದು ಸಾಮಾನ್ಯವಾಗಿ ದುಂಡಗೆ, ಅದಕ್ಕೆ ರಬ್ಬರ್ ಬೂಟು ಹಾಕಿರುತ್ತಾರೆ.

ಆ ಬೂಟಿನ ಮೇಲೇ ನನ್ನ ಕಣ್ಣು ಮೊದಲು ಹೋಗುತ್ತದೆ. ಉಪ್ಪುನೀರು ಅದರೊಳಗೆ ಸಿಕ್ಕಿಕೊಂಡರೆ ದಿನಗಟ್ಟಲೆ ಒಣಗುವುದಿಲ್ಲ. ಮೇಲೆ ಬಣ್ಣ ಫಳಫಳ ಹೊಳೆಯುತ್ತಿರುತ್ತದೆ, ಬೂಟಿನ ಅಂಚಿನಿಂದ ಮಾತ್ರ ಕಂದು ನೀರು ಸೋರಿದ ಗೆರೆ. ಅಲ್ಯೂಮಿನಿಯಂ ಆದರೆ ಸುಣ್ಣದ ಪುಡಿಯಂಥದ್ದು ಕೂತಿರುತ್ತದೆ. ಮೈಮೇಲೆ ಹಾಕಿದ ನೈಲಾನ್ ಬಲೆ, ಟ್ಯಾಂಕನ್ನು ಬೆನ್ನಿಗೆ ಹಿಡಿದಿಡುವ ಜಾಕೆಟ್ಟಿನ ಪಟ್ಟಿ ಬಿಗಿಯುವ ಜಾಗ, ಇಲ್ಲೂ ಅದೇ ಕಥೆ. ಬಣ್ಣಕ್ಕೆ ತಾಗಿದ ಸಣ್ಣ ಗೀರುಗಳಿಗೆ ತಲೆ ಕೆಡಿಸಿಕೊಳ್ಳಬೇಡಿ, ಬೋಟಿನಲ್ಲಿ ಉರುಳಾಡುವ ಟ್ಯಾಂಕಿಗೆ ಅವು ಇದ್ದೇ ಇರುತ್ತವೆ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಕಚ್ಚು, ಜಜ್ಜಿದ ಗುಳಿ, ಒಂದು ಕಡೆ ಉಬ್ಬಿದ ಮೈ, ಬೆಂಕಿಗೆ ಸಿಕ್ಕಂತೆ ಗುಳ್ಳೆ ಎದ್ದ ಬಣ್ಣ: ಇವು ಕಂಡರೆ ಬೇರೆ ಟ್ಯಾಂಕ್ ಕೇಳಿ. ವಾದ ಮಾಡುವ ಅಗತ್ಯವೂ ಇಲ್ಲ, ಬೋಟಿನಲ್ಲಿ ಹತ್ತಿಪ್ಪತ್ತು ಟ್ಯಾಂಕ್ ಸಾಲಾಗಿ ನಿಂತಿರುತ್ತವೆ.

ಮುಳ್ಳು ಕುಣಿದರೆ

ಇದು ನನ್ನದೇ ಅನುಭವ, ಕರಾವಳಿಯ ಒಂದು ಬೋಟಿನಲ್ಲಿ. ಟ್ಯಾಂಕ್ ಕಟ್ಟಿದ ಹುಡುಗ ಪ್ರೆಶರ್ ಗೇಜ್ ತೋರಿಸಿದ. ಮುಳ್ಳು 200ರ ಹತ್ತಿರ. "ಫುಲ್ ಐತ್ರಿ ಸರ್" ಅಂದ, ನಮ್ಮ ಕಡೆಯವನೇ. ನಾನು ಟ್ಯಾಂಕಿನ ಗಾಳಿಯನ್ನು ಉಸಿರಿಗೆ ಹದ ಮಾಡಿ ಕೊಡುವ ರೆಗ್ಯುಲೇಟರನ್ನು ಬಾಯಿಗೆ ಇಟ್ಟು ಗೇಜಿನ ಮೇಲೆ ಕಣ್ಣಿಟ್ಟು ಜೋರಾಗಿ ಉಸಿರೆಳೆದೆ. ಮುಳ್ಳು 200ರಿಂದ 140ಕ್ಕೆ ಬಿತ್ತು. ಉಸಿರು ಬಿಟ್ಟೆ, ಮತ್ತೆ 200. ಎಳೆದೆ, 140. ಉಸಿರಿನ ಜೊತೆ ತಾಳ ಹಾಕುವಂತೆ ಮುಳ್ಳು ಕುಣಿಯುತ್ತಿತ್ತು.

ಟ್ಯಾಂಕ್ ನಿಜಕ್ಕೂ ತುಂಬಿತ್ತು. ವಾಲ್ವ್ ಮಾತ್ರ ಪೂರ್ತಿ ತೆರೆದಿರಲಿಲ್ಲ. ಬಾಯಿಗೆ ಗಾಳಿ ಬರುತ್ತಿತ್ತು, ಉಸಿರಾಟಕ್ಕೆ ಏನೂ ತ್ರಾಸಿರಲಿಲ್ಲ. ಗೇಜ್ ನೋಡದಿದ್ದರೆ ನಾನು ಹಾಗೇ ಇಳಿದುಬಿಡುತ್ತಿದ್ದೆ.

ಮನೆಯ ಮೇಲಿನ ನೀರಿನ ಟ್ಯಾಂಕಿನ ಗೇಟ್‌ವಾಲ್ವ್ ಅರೆ ತೆರೆದಿದ್ದರೆ ಏನಾಗುತ್ತದೆ? ಒಂದು ನಲ್ಲಿ ಬಿಟ್ಟಾಗ ನೀರು ಚೆನ್ನಾಗೇ ಬರುತ್ತದೆ. ಅಡುಗೆಮನೆಯಲ್ಲಿ ಇನ್ನೊಂದು ಬಿಟ್ಟರೆ ಬಚ್ಚಲಿನಲ್ಲಿ ಸಣ್ಣ ಧಾರೆ. ಮೊದಲು ಹೇಳಿದ ಪಟ್ಟಿನ ಲೆಕ್ಕ ಇಲ್ಲಿ ಬರುತ್ತದೆ. 10 ಮೀಟರ್ ಕೆಳಗೆ ಪ್ರತಿ ಉಸಿರಿಗೆ ಎರಡು ಪಟ್ಟು ಗಾಳಿ ಬೇಕು. ಮೇಲೆ ಸಾಕಾಗಿದ್ದ ಕಿಂಡಿ ಅಲ್ಲಿ ಸಾಕಾಗುವುದಿಲ್ಲ. ಗಾಬರಿಯಾಗಿ ಜೋರಾಗಿ ಎಳೆದರೆ ಇನ್ನೂ ಕಷ್ಟ.

ವಾಲ್ವನ್ನು ಪೂರ್ತಿ ತೆರೆದು ಪಾವು ಸುತ್ತು ಹಿಂದಕ್ಕೆ ತಿರುಗಿಸುವ ಹಳೆಯ ರೂಢಿ ಕೆಲವು ಕಡೆ ಈಗಲೂ ಇದೆ. ಅದರ ಅಪಾಯ ಏನೆಂದರೆ, ಯಾವ ಕಡೆ ತಿರುಗಿಸಿದ್ದೆ ಅನ್ನುವುದು ಗೊಂದಲವಾದರೆ ಪೂರ್ತಿ ಮುಚ್ಚಿ ಪಾವು ಸುತ್ತು ಮಾತ್ರ ತೆರೆದಂತಾಗುತ್ತದೆ. ನನಗೆ ಆಗಿದ್ದೂ ಅದೇ. ಈಗ ಬಹಳ ಮಂದಿ ಹೇಳಿಕೊಡುವುದು ಪೂರ್ತಿ ತೆರೆಯಿರಿ, ಇಲ್ಲವೇ ಪೂರ್ತಿ ಮುಚ್ಚಿ ಎಂದು. ವಾಲ್ವ್ ಪೂರ್ತಿ ತೆರೆದ ಮೇಲೂ ಮುಳ್ಳು ಕುಣಿದರೆ ವಾಲ್ವಿನಲ್ಲೋ ರೆಗ್ಯುಲೇಟರಿನ ಜಾಲರಿಯಲ್ಲೋ ಏನೋ ಕಟ್ಟಿಕೊಂಡಿದೆ. ಆ ಟ್ಯಾಂಕ್ ಬೇಡ.

ಇನ್ನು ಓ-ರಿಂಗ್. ಪ್ರೆಶರ್ ಕುಕ್ಕರಿಗೆ ಗ್ಯಾಸ್ಕೆಟ್ ಇದ್ದ ಹಾಗೆ ಟ್ಯಾಂಕಿಗೂ ರೆಗ್ಯುಲೇಟರಿಗೂ ನಡುವೆ ಒಂದು ಸಣ್ಣ ರಬ್ಬರ್ ಬಳೆ. ರೆಗ್ಯುಲೇಟರ್ ಕೂರಿಸುವ ಮುಂಚೆ ವಾಲ್ವಿನ ಮುಖದಲ್ಲಿ ಅದು ಕಾಣುತ್ತದೆ. ಸೀಳಿದ್ದರೆ, ಚಪ್ಪಟೆಯಾಗಿದ್ದರೆ, ಮರಳು ಕೂತಿದ್ದರೆ ಬದಲಿಸಬೇಕು. ಕೆಲವೇ ರೂಪಾಯಿಯ ಸಾಮಾನು, ಬದಲಿಸಲು ಅರ್ಧ ನಿಮಿಷ. ವಾಲ್ವ್ ತೆರೆದ ಮೇಲೆ ಸುಂಯ್ ಅಂತ ಸದ್ದು ಬರುತ್ತಿದ್ದರೆ ಅದೇ ಕಾರಣ ಇರುವುದು ಜಾಸ್ತಿ.

ಗೇಜ್ 200ರ ಬದಲು 180 ತೋರಿಸಿದರೆ? ತುಂಬುವಾಗ ಗಾಳಿ ಬಿಸಿಯಾಗುತ್ತದೆ. ಆಮೇಲೆ ತಣ್ಣಗಾದಾಗ ಒತ್ತಡ ಇಳಿಯುತ್ತದೆ. ಹಾಗಾಗಿ 180 ಮೋಸ ಅಲ್ಲ. 120 ಇದ್ದರೆ ಅದು ಯಾರೋ ಉಪಯೋಗಿಸಿದ ಟ್ಯಾಂಕ್. ಮೇಲೆ ಬರುವಾಗ 50 ಬಾರ್ ಉಳಿದಿರಬೇಕು ಎಂಬುದು ಎಲ್ಲ ಕಡೆ ಪಾಲಿಸುವ ಮಾತು. ಆ ಉಳಿಕೆ ನಿಮಗಷ್ಟೇ ಅಲ್ಲ, ಟ್ಯಾಂಕಿಗೂ ಒಳ್ಳೆಯದು. ಪೂರ್ತಿ ಖಾಲಿ ಮಾಡಿದರೆ ವಾಲ್ವಿನ ಮೂಲಕ ಸಮುದ್ರದ ನೀರು ಒಳಸೇರಲು ದಾರಿಯಾಗುತ್ತದೆ.

ಕಾಣದ್ದು: ಗಾಳಿ

ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಟ್ಯಾಂಕ್ ತುಂಬಬಹುದಾ ಅಂತ ಅಳಿಯ ತಮಾಷೆಗೆ ಕೇಳಿದ. ಅದರ ಒತ್ತಡ ಹತ್ತು ಬಾರ್ ದಾಟುವುದು ಕಷ್ಟ. ಅದಕ್ಕಿಂತ ಮುಖ್ಯವಾಗಿ, ಅದರ ಗಾಳಿಯಲ್ಲಿ ಎಣ್ಣೆಯ ಆವಿ ಇರುತ್ತದೆ. ಟೈರಿಗೆ ಪುಪ್ಪುಸ ಇಲ್ಲವಲ್ಲ. ಉಸಿರಾಟದ ಗಾಳಿಯ ಕಂಪ್ರೆಸರ್ ಬೇರೆಯೇ. ಮೂರು ನಾಲ್ಕು ಹಂತದಲ್ಲಿ ಒತ್ತುತ್ತದೆ. ಆಮೇಲೆ ತೇವ ಹೀರುವ ಹರಳು, ಎಣ್ಣೆ ವಾಸನೆ ಹೀರುವ ಇದ್ದಿಲು ಇರುವ ಫಿಲ್ಟರಿನೊಳಗೆ ಗಾಳಿ ಹಾದು ಬರುತ್ತದೆ. ಇಷ್ಟು ಗಂಟೆ ಓಡಿದ ಮೇಲೆ ಫಿಲ್ಟರ್ ಬದಲಿಸಬೇಕು ಅಂತ ಲೆಕ್ಕ ಇರುತ್ತದೆ. ಹೊರಗಿನಿಂದ ನೋಡಿದರೆ ಹೊಸ ಫಿಲ್ಟರೂ ಸತ್ತ ಫಿಲ್ಟರೂ ಒಂದೇ ಥರ ಕಾಣುತ್ತವೆ.

ಎಲ್ಲಕ್ಕಿಂತ ಕೆಟ್ಟದ್ದು ಕಾರ್ಬನ್ ಮಾನಾಕ್ಸೈಡ್. ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಹಾಕಿ ಸ್ನಾನಕ್ಕೆ ಹೋದವರು ಹೊರಗೆ ಬರಲೇ ಇಲ್ಲ ಅನ್ನುವ ಸುದ್ದಿ ಓದಿರುತ್ತೇವೆ. ಅದೇ ಅನಿಲ. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ರಕ್ತದಲ್ಲಿ ಆಕ್ಸಿಜನ್ ಹೊರುವ ಹಿಮೋಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ ಇನ್ನೂರು ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಸೀಟು ಹಿಡಿದು ಕೂತ ಹಾಗೆ, ಆಮೇಲೆ ಆಕ್ಸಿಜನ್‌ಗೆ ಜಾಗ ಇರುವುದಿಲ್ಲ.

ಟ್ಯಾಂಕಿಗೆ ಇದು ಹೇಗೆ ಬರುತ್ತದೆ? ಎರಡು ದಾರಿ. ಕಂಪ್ರೆಸರ್ ಗಾಳಿ ಎಳೆಯುವ ಪೈಪಿನ ಹತ್ತಿರ ಡೀಸೆಲ್ ಜನರೇಟರೋ ಬೋಟಿನ ಎಂಜಿನೋ ಹೊಗೆ ಬಿಡುತ್ತಿದ್ದರೆ ಆ ಹೊಗೆಯೂ ಒಳಗೆ. ಇಲ್ಲವಾದರೆ ಕಂಪ್ರೆಸರೇ ಅತಿಯಾಗಿ ಕಾದು, ಒಳಗಿನ ಎಣ್ಣೆ ಸುಟ್ಟು ಅದರಿಂದ. ಯುರೋಪಿನ ಮಾನದಂಡದಲ್ಲಿ ಹತ್ತು ಲಕ್ಷ ಭಾಗ ಗಾಳಿಯಲ್ಲಿ 5 ಭಾಗಕ್ಕಿಂತ ಜಾಸ್ತಿ ಇರಬಾರದು, ಅಮೆರಿಕದಲ್ಲಿ ಬಳಸುವ ಮಾನದಂಡದಲ್ಲಿ 10. ಇಷ್ಟು ಬಿಗಿ ಯಾಕೆ ಅಂದರೆ ಮತ್ತೆ ಅದೇ ಪಟ್ಟಿನ ಲೆಕ್ಕ. ದಡದಲ್ಲಿ ಸ್ವಲ್ಪ ಅನ್ನಿಸಿದ್ದು 20 ಮೀಟರಿನಲ್ಲಿ ಮೂರು ಪಟ್ಟು ಪರಿಣಾಮ ಮಾಡುತ್ತದೆ.

ಹಾಗಾದರೆ ಮೂಗಿನಿಂದ ಏನೂ ಪ್ರಯೋಜನ ಇಲ್ಲವೇ? ಇದೆ, ಒಂದು ಕಡೆಯಿಂದ ಮಾತ್ರ. ಟ್ಯಾಂಕಿನ ವಾಲ್ವನ್ನು ಒಂದು ಕ್ಷಣ ಸ್ವಲ್ಪವೇ ತೆರೆಯಲು ಹೇಳಿ. ಮುಖ, ಕಿವಿ ಅದರ ಎದುರಿಗೆ ಇಡಬೇಡಿ. ಪಕ್ಕದಿಂದ ಕೈಯಲ್ಲಿ ಬೀಸಿಕೊಂಡು ಮೂಸಿ. ಡೀಸೆಲ್, ಸುಟ್ಟ ಎಣ್ಣೆ, ಮುಗ್ಗಲು, ಯಾವ ವಾಸನೆ ಬಂದರೂ ಬೇಡ. ವಾಲ್ವಿನ ಬಾಯಿ ಹತ್ತಿರ ಬಿಳಿ ಕರ್ಚೀಫ್ ಹಿಡಿದರೆ ತೇವವೋ ಕಂದು ಪುಡಿಯೋ ಎಣ್ಣೆ ಕಲೆಯೋ ಇದ್ದರೆ ಕಾಣುತ್ತದೆ. ಎಣ್ಣೆ ಸುಟ್ಟ ವಾಸನೆಯ ಜೊತೆಗೇ ಮಾನಾಕ್ಸೈಡ್ ಬರುವುದೂ ಉಂಟು, ಹಾಗಾಗಿ ವಾಸನೆ ಬಂದರೆ ಅದು ಎಚ್ಚರಿಕೆ. ವಾಸನೆ ಬರಲಿಲ್ಲ ಅಂದರೆ ಗಾಳಿ ಶುದ್ಧ ಅಂತಲ್ಲ. ಖಾತ್ರಿ ಬೇಕಾದರೆ ಕೈಯಲ್ಲಿ ಹಿಡಿಯುವ ಮಾನಾಕ್ಸೈಡ್ ಮೀಟರ್ ಬೇಕು. ಒಳ್ಳೆಯ ಡೈವ್ ಅಂಗಡಿಗಳು ಇಟ್ಟಿರುತ್ತವೆ.

ನೀರೊಳಗೆ ತಲೆ ಸಿಡಿಯಲು ಶುರುವಾದರೆ, ವಾಕರಿಕೆ, ಮಂಪರು ಬಂದರೆ ಸಹಿಸಿಕೊಂಡು ಮೀನು ನೋಡುವುದು ಬೇಡ. ಕೂಡಲೇ ಇನ್‌ಸ್ಟ್ರಕ್ಟರಿಗೆ ಸನ್ನೆ ಮಾಡಿ, ಮೇಲೆ ಬನ್ನಿ. ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಟ್ಯಾಂಕಿನ ಗಾಳಿ ಉಸಿರಾಡಿದ್ದೆ ಅಂತ ವೈದ್ಯರಿಗೆ ಹೇಳಲೇಬೇಕು. ಆ ಟ್ಯಾಂಕನ್ನೂ ಖಾಲಿ ಮಾಡದೆ ತೆಗೆದಿಡಿಸಿ.

ಮಳೆಗಾಲ ಮಲಗಿ ಎದ್ದ ಟ್ಯಾಂಕು

ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಸಮುದ್ರ ಕೆರಳಿರುತ್ತದೆ. ಬೋಟುಗಳು ದಡ ಸೇರಿರುತ್ತವೆ, ಟ್ಯಾಂಕುಗಳು ಗೋದಾಮಿನಲ್ಲಿ. ದಸರಾಕ್ಕೆ ಹೋಗುವವರ ಬೆನ್ನಿಗೆ ಬರುವುದು ನಾಲ್ಕು ತಿಂಗಳು ಮಲಗಿ ಎದ್ದ ಟ್ಯಾಂಕ್. ಉಕ್ಕಿನ ಟ್ಯಾಂಕಿನೊಳಗೆ ಒಂದು ಲೋಟ ನೀರು ಸೇರಿಕೊಂಡಿದ್ದರೆ ಈ ಹೊತ್ತಿನಲ್ಲಿ ಒಳಗೆ ತುಕ್ಕು ಹಿಡಿಯುತ್ತದೆ. ತುಕ್ಕು ಅಂದರೆ ಕಬ್ಬಿಣ ಆಕ್ಸಿಜನ್ನನ್ನು ತಿನ್ನುವುದು. ಮುಚ್ಚಿದ ಟ್ಯಾಂಕಿನೊಳಗೆ ಅದಕ್ಕೆ ಸಿಗುವ ಆಕ್ಸಿಜನ್ ಎಂದರೆ ನೀವು ಉಸಿರಾಡಬೇಕಾದದ್ದೇ. ಗೇಜಿನಲ್ಲಿ ಒತ್ತಡ ಸರಿಯಾಗೇ ಇರುತ್ತದೆ, ಗಾಳಿಯಲ್ಲಿ ಜೀವ ಇರುವುದಿಲ್ಲ.

ಆದ್ದರಿಂದ ಕೇಳಬೇಕಾದದ್ದು ಸರಳ: ಈ ಗಾಳಿ ಯಾವಾಗ ತುಂಬಿದ್ದು? ನಿನ್ನೆ ಮೊನ್ನೆ ಅಂದರೆ ಸರಿ. ಮೇ ತಿಂಗಳದ್ದು ಅಂದರೆ ಬಿಟ್ಟು ಹೊಸದಾಗಿ ತುಂಬಿಸಬೇಕು. ಟ್ಯಾಂಕನ್ನು ನಿಧಾನಕ್ಕೆ ಓರೆ ಮಾಡಿದಾಗ ಒಳಗೆ ನೀರು ಹೊರಳಿದ ಸದ್ದೋ ಚಿಪ್ಪು ಉದುರಿದ ಸದ್ದೋ ಬಂದರೆ ಅದು ಬದಿಗೆ.

ಕೇಳುವುದು ಹೇಗೆ?

ಮೊದಲ ಸಲ ಇಳಿಯುವವರಿಗೆ ಮಾಡಿಸುವುದು ಟ್ರೈ ಡೈವ್. ಪ್ಯಾಡಿಯಂಥ ತರಬೇತಿ ಸಂಸ್ಥೆಗಳ ನಿಯಮದಲ್ಲಿ ಅದರ ಗರಿಷ್ಠ ಆಳ 12 ಮೀಟರ್. ನೀರೊಳಗೆ ಇನ್‌ಸ್ಟ್ರಕ್ಟರ್ ನಿಮ್ಮನ್ನು ಹಿಡಿದುಕೊಂಡೇ ಇರುತ್ತಾರೆ, ಟ್ಯಾಂಕ್ ಜೋಡಿಸುವುದೂ ಅವರೇ. ವಾಲ್ವಿಗೆ ನೀವೇ ಕೈ ಹಾಕಿ ತಿರುಗಿಸಬೇಡಿ. ನೋಡುವುದಕ್ಕೆ, ಕೇಳುವುದಕ್ಕೆ ಯಾರೂ ಬೇಡ ಅನ್ನುವುದಿಲ್ಲ.

ಬೋಟಿನ ಮೇಲೆ ಹತ್ತು ಜನ ಕಾಯುತ್ತಿರುವಾಗ ಕೇಳಿದರೆ ಗಡಿಬಿಡಿಯಲ್ಲಿ ಉತ್ತರ ಸಿಗುವುದಿಲ್ಲ. ದಡದಲ್ಲೇ, ದುಡ್ಡು ಕೊಡುವ ಮುಂಚೆ ಕೇಳಿ. ಬೆಳಗಾವಿಯವರಿಗೆ ಮಾಲ್ವಣದಲ್ಲಿ ಭಾಷೆಯ ಅಡ್ಡಿ ಇಲ್ಲವೇ ಇಲ್ಲ. "ದಾದಾ, ಹವಾ ಕುಠೇ ಭರತಾ?" ಅಂದರೆ ಸಾಕು, ಗಾಳಿ ಎಲ್ಲಿ ತುಂಬಿಸುತ್ತೀರಿ ಎಂದು. ಸ್ವಂತ ಕಂಪ್ರೆಸರ್ ಇದ್ದವರು ಹೆಚ್ಚಾಗಿ ಖುಷಿಯಿಂದ ತೋರಿಸುತ್ತಾರೆ. ಗಾಳಿ ಎಳೆಯುವ ಪೈಪ್ ಎಲ್ಲಿಗೆ ಬಾಯಿ ತೆರೆದಿದೆ ನೋಡಿ. ಎತ್ತರದಲ್ಲಿ, ಹೊಗೆಯಿಂದ ದೂರ ಇದ್ದರೆ ಅರ್ಧ ಸಮಾಧಾನ. ಫಿಲ್ಟರ್ ಬದಲಿಸಿದ ತಾರೀಕು ಬರೆದ ಪುಸ್ತಕ ಗೋಡೆಗೆ ನೇತಾಡುತ್ತಿದ್ದರೆ ಉಳಿದರ್ಧ.

ಟ್ಯಾಂಕಿಗೆ ಸಂಬಂಧವಿಲ್ಲದ ಒಂದು ಮಾತನ್ನೂ ಅಳಿಯನಿಗೆ ಹೇಳಿದೆ, ಬೆಳಗಾವಿಯವರಿಗೆಂದೇ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಡೈವ್ ಮುಗಿಸಿ ಎತ್ತರಕ್ಕೆ ಏರಿದರೆ ರಕ್ತದಲ್ಲಿ ಕರಗಿದ ನೈಟ್ರೋಜನ್ ಗುಳ್ಳೆಗಟ್ಟುವ ಅಪಾಯ ಇರುತ್ತದೆ. ವಿಮಾನ ಹತ್ತುವವರಿಗೆ ಒಂದು ಡೈವ್ ಆದ ಮೇಲೆ ಕನಿಷ್ಠ 12 ಗಂಟೆ ಕಾಯಲು ಹೇಳುವುದು ಅದಕ್ಕೇ, ಮತ್ತು ಆ ಸಲಹೆ 600 ಮೀಟರ್ ಎತ್ತರದಿಂದಲೇ ಶುರುವಾಗುತ್ತದೆ. ಕೆಲವು ಮೀಟರಿನ ಟ್ರೈ ಡೈವಿನಲ್ಲಿ ಅಪಾಯ ಕಡಿಮೆ. ಆದರೂ ಸಂಜೆಗೇ ಘಾಟ್ ಹತ್ತುವ ಬದಲು ರಾತ್ರಿ ಅಲ್ಲೇ ಉಳಿಯುವುದು ಒಳ್ಳೆಯದು.

"ರೂಮ್ ಖರ್ಚು ನೀ ಕೊಡ್ತಿ ಏನ ಮಾಮಾ?" ಅಂದ. ಫ್ರಿಜ್ಜಿನ ಮೇಲಿದ್ದ ಆಯಸ್ಕಾಂತ ಮಾತ್ರ ಕೊಟ್ಟು ಕಳಿಸಿದ್ದೇನೆ.